ನಿಲುವಂಗಿಯೊಳಗಿನ ಮಾತು

"ಇವತ್ತು ಅದು ಬೇಡ" ಎಂದು ಮೇಡಂ ಹೇಳುವಷ್ಟರಲ್ಲಿ ಅವನ ಬಲಗೈ ನಿಲುವಂಗಿಯ ತೋಳಿನೊಳಗೆ ಅರ್ಧ ಹೋಗಿಬಿಟ್ಟಿತ್ತು. ಎಳೆದುಕೊಳ್ಳುವಾಗ ತೋಳಿನ ಒಳಮೈ ಹೊರಗಾಗಿ ಬಂತು. ಬೆವರು ಕುಡಿದು ಕುಡಿದು ಆ ಬಟ್ಟೆ ಹಳದಿಗಟ್ಟಿತ್ತು. ಹೊರಗಡೆ ಅಷ್ಟು ಬಿಳಿ, ಒಳಗಡೆ ಹೀಗೆ. ಮೇಡಂ ಅದನ್ನು ನೋಡಿದರೋ ಇಲ್ಲವೋ ತಿಳಿಯಲಿಲ್ಲ. ಅವನು ಅವಸರದಲ್ಲಿ ತೋಳನ್ನು ಸರಿಮಾಡಿ ನಿಲುವಂಗಿಯನ್ನು ಗುಡಿಸಲಿನ ಮೊಳೆಗೆ ತೂಗುಹಾಕಿದ. ಪಕ್ಕದ ಮೊಳೆಯಲ್ಲಿ ಸಾರಸದ ತಲೆ ನೇತಾಡುತ್ತಿತ್ತು. ಮರದ ಕೊಕ್ಕು, ಬಣ್ಣ ಬಳಿದ ಕೆಂಪು ನೆತ್ತಿ, ಗಾಜಿನ ಕಣ್ಣು, ಕತ್ತಿನ ಜಾಗದಲ್ಲಿ ಮೊಣಕೈವರೆಗೆ ಬರುವ ಬೂದು ಬಟ್ಟೆಯ ಚೀಲ. ಅದರೊಳಗೆ ಕೈ ತೂರಿಸಿ, ಹೆಬ್ಬೆರಳಿನಿಂದ ಕೆಳಗಿನ ಕೊಕ್ಕನ್ನು ಆಡಿಸಿ, ಮರಿಗೆ ಕೆಸರಿನಲ್ಲಿ ಹುಳ ಹೆಕ್ಕುವುದನ್ನು, ನೀರಿನಲ್ಲಿ ಗೆಡ್ಡೆ ಕೀಳುವುದನ್ನು ಅವನೇ ಕಲಿಸಿದ್ದ. ಜೌಗಿನಲ್ಲಿ ನೀರು ಏರಿ ಗೂಡೊಂದು ಮುಳುಗುವ ಮುಂಚೆ ಎತ್ತಿ ತಂದ ಮೊಟ್ಟೆ ಅದು. ಮೊಟ್ಟೆಯೊಡೆದು ಕಣ್ಣು ಬಿಟ್ಟಾಗ ಮರಿ ನೋಡಿದ್ದು ಈ ಬಿಳಿ ನಿಲುವಂಗಿಯನ್ನು, ಈ ಮರದ ಕೊಕ್ಕನ್ನು. ಮನುಷ್ಯನ ಮುಖ ಅದಕ್ಕೆ ಕಾಣಬಾರದು, ಮನುಷ್ಯನ ಮಾತು ಕೇಳಬಾರದು, ಅದಕ್ಕೊಂದು ಹೆಸರಿಡಲೂ ಬಾರದು. 'ಒಳಗೆ ಮಾತಿಲ್ಲ' ಎಂದು ಆವರಣದ ಪರದೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಬರೆದವನೂ ಅವನೇ.

ಇವತ್ತು ಪರೀಕ್ಷೆ. ಯಾರಾದರೊಬ್ಬರು ಮಾಮೂಲಿ ಬಟ್ಟೆಯಲ್ಲಿ ಆವರಣದೊಳಗೆ ಹೋಗಿ ಮಾತಾಡಬೇಕು. ಹಕ್ಕಿ ಹೆದರಿ ದೂರ ಹೋದರೆ ಸಂಜೆಯೊಳಗೆ ಮೇಲಿನ ಬಲೆ ತೆಗೆದು ಅದನ್ನು ಜೌಗಿನಲ್ಲಿರುವ ಕಾಡುಸಾರಸಗಳ ಜೊತೆ ಬಿಡುವುದು. ಹೆದರದೆ ಹತ್ತಿರ ಬಂದರೆ ಉದ್ಯಾನದ ಗೇಟಿನ ಪಕ್ಕದ ಪಂಜರಕ್ಕೆ, ಸಾಯುವವರೆಗೆ. ಅಲ್ಲಿ ಆಗಲೇ ಒಂದಿತ್ತು. ಹಿಂದೊಮ್ಮೆ ಯಾರೋ ತೋಟದ ಮಾಲಿ ಕೈತುತ್ತು ಕೊಟ್ಟು ಸಾಕಿದ್ದ ಸಾರಸ. ಜೊತೆ ಹುಡುಕುವ ಕಾಲ ಬಂದರೆ ಅದು ಟಿಕೆಟ್ ಕೊಡುವವನ ಬೂಟಿನ ಮುಂದೆ ರೆಕ್ಕೆ ಬಿಚ್ಚಿ ಕುಣಿಯುತ್ತಿತ್ತು, ಕಡ್ಡಿಗಳನ್ನು ತಂದು ತಂದು ಬೂಟಿನ ಹತ್ತಿರ ಇಡುತ್ತಿತ್ತು. ದೋಣಿ ವಿಹಾರಕ್ಕೆ ಬಂದವರು ನಿಂತು ವಿಡಿಯೋ ಮಾಡಿಕೊಳ್ಳುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಪಂಜರ ಗುಡಿಸುವಾಗ ಅವನೂ ನಕ್ಕಿದ್ದ. ಗುಡಿಸಿ ಹೊರಬಂದ ಮೇಲೆ, ಆ ಕಡ್ಡಿಗಳನ್ನೂ ಕಸದ ಜೊತೆಗೇ ಬಾಚಿಬಿಟ್ಟೆನಲ್ಲ ಎಂದು ಯಾಕೋ ಸಂಕಟವಾಗಿತ್ತು.

ಪರೀಕ್ಷೆಯ ಮಾತಿಗೆ ಜೀಪಿನ ಡ್ರೈವರನ್ನು ಗೊತ್ತುಮಾಡಿದ್ದರು. ಅವನು ಪಿಸುಗುಟ್ಟಿದರೆ ಗುಡ್ಡದಾಚೆ ಕೇಳುತ್ತದೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. "ಏನ್ ಮೌನಿಗಳೇ, ಯಾಕೆ ಮುಖ ಹಾಗೆ? ನಿಮ್ಮ ಕೂಸು ಪಾಸಾಗತ್ತೆ ಬಿಡಿ. ನನ್ನ ಗಂಟಲು ಕೇಳಿದ್ರೆ ನಮ್ಮನೆ ನಾಯೀನೇ ಮಂಚದ ಕೆಳಗೆ ಹೋಗತ್ತೆ" ಎಂದು ಡ್ರೈವರ್ ಭುಜ ತಟ್ಟಿದ. ಅವನು ನಕ್ಕಂತೆ ಮಾಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಯಾರೂ ಏನೂ ಕೇಳದಿದ್ದರೂ ಕೈ ಗಂಟಲಿನ ಹತ್ತಿರ ಹೋಗಿಬಂತು. ಡ್ರೈವರನ ಗಂಟಲಿನಿಂದ ಏನೂ ತಿಳಿಯುವುದಿಲ್ಲ ಎನ್ನುವುದು ಈ ಗುಡಿಸಲಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಶುರುವಾದದ್ದು ಒಂದೇ ಪದದಿಂದ. ಮಳೆ ಹಿಡಿದಿದ್ದ ಮಧ್ಯಾಹ್ನ, ಬಲೆಯಿಂದ ಸೋರಿದ ನೀರು ಮುಖ ಮುಚ್ಚಿದ ಮುಸುಕಿನ ಜಾಲರಿಯಲ್ಲಿ ಇಳಿದು ಕಣ್ಣು ಮಂಜಾಗಿ, ಮರಿ ಬೆಳಗಿನಿಂದ ಕೊಕ್ಕು ತೆರೆಯದೆ ತೂಕಡಿಸುತ್ತಿತ್ತು. ಮರದ ಕೊಕ್ಕಿನಲ್ಲಿ ಹುಳ ಹಿಡಿದು ಹಿಡಿದು ಅವನ ತೋಳು ಸೋತಿತ್ತು. 'ತಿನ್ನೋ' ಎಂದುಬಿಟ್ಟ. ಹೇಳಿದ್ದು ತಾನೇ ಎಂದು ನಂಬಿಕೆಯಾಗದೆ ಸುತ್ತ ನೋಡಿದ. ಮರಿ ತಲೆ ಎತ್ತಿತು, ಜಾಲರಿಯನ್ನಲ್ಲ, ಮರದ ಕೊಕ್ಕನ್ನು ನೋಡಿತು, ಹುಳವನ್ನು ತೆಗೆದುಕೊಂಡಿತು. ಮಾರನೆಯ ದಿನ ಎರಡು ಮಾತು. ಆಮೇಲೆ ಲೆಕ್ಕವಿಲ್ಲ. ಮುಸುಕಿನೊಳಗೆ ತನ್ನ ದನಿ ತನಗೇ ತಿರುಗಿ ತಾಗುತ್ತಿತ್ತು, ಬೆಚ್ಚಗೆ, ಬೇರೆ ಯಾರದೋ ಎಂಬಂತೆ. ಮೇಡಂ ಪ್ರವಾಸಿಗರ ಎದುರಿಗೇ ತನ್ನನ್ನು ತಿದ್ದಿದ್ದು, ಭಾವಮೈದುನ ನಕ್ಕಿದ್ದು, ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರ್ ಗದರಿಸಿದಾಗ ತಾನು ತಪ್ಪಿಲ್ಲದೆ ಕ್ಷಮೆ ಕೇಳಿದ್ದು, ಎಲ್ಲ ಹೇಳಿದ. ಮರಿ ಕೇಳಿಸಿಕೊಳ್ಳುತ್ತಿತ್ತು ಎನ್ನಲಾಗದು. ಅದು ಕೆಸರು ಕೆದಕುತ್ತಿತ್ತು. ಆದರೆ ಅವನು ನಿಲ್ಲಿಸಿದರೆ ಅದೂ ನಿಲ್ಲಿಸಿ ನೋಡುತ್ತಿತ್ತು. ಅಷ್ಟು ಸಾಕಾಗಿತ್ತು.

ಹೆಂಡತಿಗೆ ನೀರು ಸರಬರಾಜಿನ ದೂರು ವಿಭಾಗದಲ್ಲಿ ಕೆಲಸ. ಕಿವಿಗೆ ಫೋನು ಸಿಕ್ಕಿಸಿಕೊಂಡು ಇಡೀ ದಿನ ಕೂರುವುದು. ನಲ್ಲಿಯಲ್ಲಿ ನೀರು ಬಂದಿಲ್ಲ, ಬಂದದ್ದು ಕೆಂಪಾಗಿದೆ, ಪೈಪು ಒಡೆದು ಮನೆಯೊಳಗೆ ನುಗ್ಗಿದೆ, ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ ಏನು ಮಾಡುತ್ತಿದ್ದಿರಿ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದವಳೇ ನೆಲದ ಮೇಲೆ ಕೂತು, "ರೀ, ಒಂದು ಗಂಟೆ ನನ್ನ ಹತ್ರ ಯಾರೂ ಏನೂ ಹೇಳಬೇಡಿ, ಕಿವಿ ಸೋತುಹೋಗಿದೆ" ಎಂದಿದ್ದಳು. ಅವನು ಹೇಳಲಿಲ್ಲ. ಆ ಒಂದು ಗಂಟೆ ಯಾವಾಗ ಮುಗಿಯಿತು ಎಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಅದು ಪ್ರೀತಿಯೇ ಎಂದು ಅವನು ಬಹಳ ದಿನ ತಿಳಿದಿದ್ದ. ಕಳೆದ ಭಾನುವಾರ ಅವಳ ತಮ್ಮ ಊಟದ ಮೇಜಿನ ಎದುರು ಕಾಲು ಚಾಚಿ, "ಭಾವ, ಬಾಯಿ ಮುಚ್ಕೊಂಡಿರೋದಕ್ಕೆ ಸಂಬಳ ಕೊಡೋ ಕೆಲಸ ಇನ್ನೊಂದು ಖಾಲಿ ಇದ್ರೆ ಹೇಳಿ, ನಾನೂ ಅರ್ಜಿ ಹಾಕ್ತೀನಿ" ಎಂದಾಗ ಅವಳು ಪಾತ್ರೆಯ ಮುಚ್ಚಳ ಮುಚ್ಚುತ್ತ, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ನಮ್ಮನೇಲಿ ಬಂಗಾರಕ್ಕೇನು ಬರ ಇಲ್ಲ ಕಣೋ" ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ನಗುತ್ತಲೇ ನೋಡಿದರೆ ಅವಳು ಮುಚ್ಚಳದ ಮೇಲೆ ಒತ್ತಿದ ಕೈಯನ್ನು ತೆಗೆದಿರಲಿಲ್ಲ.

ಆವರಣದ ಒಂದು ಮಗ್ಗುಲಿಗೆ ಎತ್ತರದ ತಟ್ಟಿ, ತಟ್ಟಿಯಲ್ಲಿ ಕಣ್ಣಳತೆಗೆ ಕಿಂಡಿಗಳು. ಮೇಡಂ, ಪಶುವೈದ್ಯರು, ಅವನು ಅದರ ಹಿಂದೆ ನಿಂತರು. ಎಡಕ್ಕೆ ಗುಡಿಸಲಿನಿಂದ ಬರುವ ಪರದೆ ಬಾಗಿಲು. ನಿಲುವಂಗಿ ತೊಟ್ಟವರು ಬರುವುದು ಅಲ್ಲಿಂದ. ಬಲಕ್ಕೆ, ನಡಿಗೆಯ ದಾರಿಯ ಕಡೆ, ಮರದ ಗೇಟು. ಡ್ರೈವರ್ ಅದನ್ನು ತಳ್ಳಿಕೊಂಡು ಒಳಗೆ ಬಂದ. ಹಕ್ಕಿ ನೀರಿನ ಅಂಚಿನಲ್ಲಿತ್ತು, ಆಗಲೇ ಅವನ ಎದೆಯೆತ್ತರ ಬೆಳೆದಿತ್ತು. ನೆತ್ತಿಯಲ್ಲಿ ಕೆಂಪು ಇನ್ನೂ ಸರಿಯಾಗಿ ಮೂಡಿರಲಿಲ್ಲ. "ಏನಮ್ಮಾ ಸಾರಸಮ್ಮಾ, ಊಟ ಆಯ್ತಾ? ನಮ್ಮದಿನ್ನೂ ಆಗಿಲ್ಲ. ಬೆಳಗಿಂದ ನಿನ್ನ ದೆಸೆಯಿಂದ ಇಲ್ಲೇ ಬಿದ್ದಿದ್ದೀವಿ. ಬಾ, ಜೀಪಲ್ಲಿ ಒಂದು ಸುತ್ತು ಹಾಕಿಸ್ತೀನಿ, ಬರ್ತೀಯಾ?" ಹಕ್ಕಿ ಕತ್ತು ಚಾಚಿ, ಗೊಗ್ಗರು ದನಿಯಲ್ಲಿ ಒಂದು ಸಲ ಕೂಗಿ, ಅರ್ಧ ಓಡುತ್ತ ಅರ್ಧ ಹಾರುತ್ತ ಆಚೆಯ ಮೂಲೆಗೆ ಹೋಗಿ ಜೊಂಡಿನ ಹಿಂದೆ ನಿಂತಿತು. ಡ್ರೈವರ್ ಹಿಂಬಾಲಿಸಿದರೆ ಮತ್ತೆ ಈಚೆಗೆ. "ನೋಡಿ ಸಾರ್, ಹೆಣ್ಣು ನೋಡೋಕೆ ಹೋದಾಗಲೂ ಇದೇ ಕಥೆ" ಎಂದು ಅವನು ತಟ್ಟಿಯ ಕಡೆ ತಿರುಗಿ ಕೈ ಚೆಲ್ಲಿದ. ಪಶುವೈದ್ಯರು ನಕ್ಕು, "ಪಾಸು" ಎಂದರು.

ಗುಡಿಸಲಿಗೆ ಬಂದು ಎಲ್ಲರೂ ಚಹಾ ಹಿಡಿದರು. ಮೇಡಂ ಯಾರೊಂದಿಗೋ ಫೋನಿನಲ್ಲಿ, "ಇಲ್ಲ ಸರ್, ಗೇಟಿಗೆ ಕೊಡೋಕಾಗಲ್ಲ, ಚೆನ್ನಾಗಿ ಹೆದರ್ತಾ ಇದೆ" ಎನ್ನುತ್ತಿದ್ದರು. ಆ ದನಿಯಲ್ಲಿ ಹೆಮ್ಮೆಯಿತ್ತು. ಮೇಲಿನವರಿಗೆ ಗೇಟಿನ ಪಂಜರದ ಒಂಟಿ ಹಕ್ಕಿಗೆ ಜೋಡಿ ಬೇಕಾಗಿತ್ತು, ಜನ ಕೇಳುತ್ತಾರೆ ಎಂದು. ಈಕೆ ಆರು ತಿಂಗಳು ಅದನ್ನು ತಡೆದುಕೊಂಡು ಬಂದಿದ್ದರು. ಅವನು ಲೋಟದ ಅಂಚನ್ನು ಉಗುರಿನಿಂದ ಕೆರೆಯುತ್ತ ನಿಂತ. ಸುಮ್ಮನಿದ್ದರೆ ಸಾಕು. ಸಂಜೆ ಬಲೆ ತೆಗೆಯುತ್ತಾರೆ, ಹಕ್ಕಿ ಹೋಗುತ್ತದೆ. ಮನುಷ್ಯನನ್ನು ಕಂಡರೆ ಅದಕ್ಕೆ ಭಯ, ಈಗ ತಾನೇ ಎಲ್ಲರೂ ನೋಡಿದರಲ್ಲ. ಆದರೆ ಜೌಗಿನ ಆಚೆ ದಡದಲ್ಲಿ ರಜೆಯ ದಿನ ಜನ ಚಾಪೆ ಹಾಸಿ ಕೂರುತ್ತಾರೆ. ಗಟ್ಟಿಯಾಗಿ ಕೂಗುವವರ ಮಾತು ಬೇರೆ. ಯಾವನೋ ಒಬ್ಬ ಗುಂಪಿನಿಂದ ದೂರ ಬಂದು, ಮರಕ್ಕೆ ಒರಗಿ, ತನ್ನಷ್ಟಕ್ಕೆ ತಾನು ಸಣ್ಣ ದನಿಯಲ್ಲಿ ಮಾತಾಡಿಕೊಳ್ಳುತ್ತಿದ್ದರೆ, ಹಕ್ಕಿ ಆ ದನಿಯ ಕಡೆ ಹೋದರೆ? ಅಂಥವನು ಲೋಕದಲ್ಲಿ ತಾನೊಬ್ಬನೇ ಇರಲಾರ. ಅವನ ಕಾಲಬಳಿ ನಾಯಿಯಿರಬಹುದು, ಕೈಯಲ್ಲಿ ಕಲ್ಲಿರಬಹುದು. ಏನೂ ಇಲ್ಲದೆ ಬರೀ ಬೂಟಿರಬಹುದು.

"ಮೇಡಂ, ಇನ್ನೊಂದು ಸಲ ನೋಡಬೇಕಾಗತ್ತೆ" ಎಂದ.

"ಯಾಕ್ರೀ? ಇವರಿಗಿಂತ ದೊಡ್ಡ ಗಂಟಲು ಎಲ್ಲಿಂದ ತರಲಿ ನಾನು?"

"ಗಂಟಲಿಂದಲ್ಲ. ನನ್ನ ದನಿಯಲ್ಲಿ ನೋಡಬೇಕು."

"ನಿಮ್ಮ ದನಿ ಅದಕ್ಕೆ ಹೇಗೆ…" ಎಂದು ಶುರು ಮಾಡಿದವರು ಅಲ್ಲಿಗೇ ನಿಂತರು. ಪಶುವೈದ್ಯರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಮೊಳೆಯ ಮೇಲಿನ ನಿಲುವಂಗಿಯನ್ನು ಬಿಟ್ಟರೆ ಅವನು ನೋಡಬಹುದಾದದ್ದು ಆ ಕೋಣೆಯಲ್ಲಿ ಏನೂ ಇರಲಿಲ್ಲ.

"ಯಾವಾಗಿಂದ?"

"ಮಳೆಗಾಲದಿಂದ."

"ದಿನಾ?"

ಅವನು ಹೌದೆಂದು ತಲೆಯಾಡಿಸಿದ. ಬೈಗುಳ ಬರುತ್ತದೆ ಎಂದು ಕಾದ. ಬಂದರೆ ಎಷ್ಟೋ ಹಗುರಾಗುತ್ತಿತ್ತು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಇಡೀ ಉದ್ಯಾನದಲ್ಲಿ ಬಾಯಿ ಬಿಡದೆ ಇರೋರು ನೀವೊಬ್ಬರೇ ಅಂತ ಆರಿಸಿದ್ದು ನಾನು" ಎಂದರು, ತಮಗೇ ಹೇಳಿಕೊಳ್ಳುವಂತೆ. ಆಮೇಲೆ, "ಹೋಗಿ. ಇದೇ ಬಟ್ಟೆಯಲ್ಲಿ."

ಮರದ ಗೇಟನ್ನು ಅವನು ಈ ಮೊದಲು ಒಳಗಿನಿಂದ ನೋಡಿದ್ದನೇ ಹೊರತು ಅದರ ಮೂಲಕ ಬಂದಿರಲಿಲ್ಲ. ಜಾಲರಿಯಿಲ್ಲದೆ ಆವರಣ ಬೇರೆಯೇ ಜಾಗದಂತಿತ್ತು, ಬಣ್ಣಗಳು ಹೆಚ್ಚಾಗಿದ್ದವು. ಬರಿಯ ಬಲಗೈಯನ್ನು ಎಲ್ಲಿಡುವುದು ತಿಳಿಯದೆ ಬೆನ್ನ ಹಿಂದಿಟ್ಟುಕೊಂಡ. ಹಕ್ಕಿ ಜೊಂಡಿನಿಂದ ನೋಡುತ್ತಿತ್ತು. ಏನು ಮಾತಾಡುವುದು. "ಇದು ಜೌಗು ಪ್ರದೇಶ" ಎಂದ. "ಇಲ್ಲಿ ಹಲವು ಬಗೆಯ ಹಕ್ಕಿಗಳು ಬಂದು ನೆಲೆಸುತ್ತವೆ. ದಯವಿಟ್ಟು ದಾರಿ ಬಿಟ್ಟು ಇಳಿಯಬೇಡಿ, ತಿಂಡಿ ಎಸೆಯಬೇಡಿ." ಶಾಲೆಯ ಮಕ್ಕಳು ಬಂದಾಗ ಒಪ್ಪಿಸುವ ಪಾಠ, ಒಪ್ಪಿಸುವ ದನಿ. ಹಕ್ಕಿ ಕತ್ತು ಚಾಚಿತು, ಹಿಂದೆ ಹಿಂದೆ ಸರಿಯಿತು, ಇವನು ಒಂದು ಹೆಜ್ಜೆಯಿಟ್ಟಾಗ ರೆಕ್ಕೆ ಬಡಿದು ಆಚೆಯ ಮೂಲೆಗೆ ಹೋಯಿತು. ಥೇಟ್ ಡ್ರೈವರನಿಗೆ ಮಾಡಿದಂತೆಯೇ. ಅವನು ತಟ್ಟಿಯ ಕಡೆ ತಿರುಗಿದ.

ಕಿಂಡಿಯಿಂದ ಮೇಡಂ ದನಿ, ಮೆಲ್ಲಗೆ: "ಇದೇ ದನಿಯಲ್ಲಿ ಮಾತಾಡ್ತಿದ್ರಾ ಅದರ ಹತ್ರ?"

ಹೌದು ಎಂದರೆ ಮುಗಿಯಿತು. ಪರೀಕ್ಷಿಸಲು ಇನ್ನೊಂದು ಉಪಾಯ ಯಾರ ಬಳಿಯೂ ಇರಲಿಲ್ಲ. ತಾನು ಹೌದು ಎನ್ನುವುದನ್ನು ಅವನು ಬಹುತೇಕ ಕೇಳಿಸಿಕೊಂಡ.

"ಇಲ್ಲ."

"ಮತ್ತೆ?" ಎಂದರು ಮೇಡಂ. ಅಷ್ಟೇ.

ಕಿಂಡಿಗಳ ಹಿಂದೆ ಮೂರು ಜೊತೆ ಕಿವಿ. ಅವನು ತಟ್ಟಿಗೆ ಬೆನ್ನು ಮಾಡಿದ. ಹಾಗೆ ಮಾಡಿದರೂ ಬೆನ್ನು ಕೇಳಿಸಿಕೊಳ್ಳುತ್ತಲೇ ಇತ್ತು. ನೆಲ ನೋಡುತ್ತ, ಮುಸುಕಿನೊಳಗೆ ತಲೆಬಾಗಿಸುತ್ತಿದ್ದ ಹಾಗೆಯೇ ಬಾಗಿಸಿ, ಕಾದ. ಮೊದಲು ಬರೀ ಉಸಿರು ಬಂತು. "ನೋಡು" ಎಂದ. ಯಾವಾಗಲೂ ಹಾಗೆಯೇ ಶುರುವಾಗುತ್ತಿತ್ತು. "ನೋಡು, ಅವತ್ತಿನದು ನಿನಗೆ ಅರ್ಧ ಹೇಳಿದ್ದೆ. ಅವಳು ಬಚ್ಚಲಲ್ಲಿದ್ದಳು. ನಲ್ಲಿ ಬಿಟ್ಕೊಂಡಿದ್ದಳು. ಬರೀ ನೀರು ಬೀಳ್ತಾ ಇದೆ, ಯಾಕೆ ಇಷ್ಟು ಹೊತ್ತು ಅಂತ ಹೋದೆ. ನೀರಿನ ಸದ್ದಿನ ಒಳಗೆ ಅವಳು ಅಳೋದು ಕೇಳಿಸ್ತು. ಬಾಗಿಲು ತಟ್ಟೋಣ ಅಂತ ಕೈ ಎತ್ತಿದೆ. ಕೈ ಎತ್ತಿ ಹಾಗೇ ನಿಂತಿದ್ದೆ. ತಟ್ಟಿದ್ರೆ ಏನಾಯ್ತು ಅಂತ ಕೇಳಬೇಕು. ಕೇಳಿದ್ರೆ ಅವಳು ಹೇಳಬೇಕು. ಇಡೀ ದಿನ ಊರಿನವರದ್ದೆಲ್ಲ ಕೇಳಿ ಬಂದಿದ್ದಾಳೆ, ಈಗ ಮತ್ತೆ ಮಾತಾಡಿಸೋದಾ ಅಂತ… ಅದು ಸುಳ್ಳು ಕಣೋ. ನನಗೆ ಹೆದರಿಕೆ ಆಯ್ತು. ಹೋಗಿ ಮಲಕ್ಕೊಂಡೆ. ಅವಳು ಬಂದಾಗ ನಿದ್ದೆ ಬಂದಹಾಗೆ ಉಸಿರಾಡಿದೆ."

ನೀರು ಪಚಪಚ ಎಂದಿತು. ತಲೆಯೆತ್ತದೆಯೇ ಅವನಿಗೆ ತಿಳಿಯಿತು. ಹಕ್ಕಿ ಜೊಂಡಿನಿಂದ ಹೊರಬಂದು, ಕತ್ತನ್ನು ಅತ್ತ ಇತ್ತ ಹೊರಳಿಸುತ್ತ, ಗಂಟಲಲ್ಲಿ ಗುರುಗುರು ಎನ್ನುತ್ತ ಬರುತ್ತಿತ್ತು. ಹುಳ ಬೇಕಾದಾಗ ಎಳೆಯ ಮರಿಯಾಗಿ ಮಾಡುತ್ತಿದ್ದ ಸದ್ದು. ಬೇಡ ಎಂದುಕೊಂಡ, ಬರಬೇಡ. ಬರುತ್ತಿರುವುದರ ಸಂತೋಷ ಮೈಯೆಲ್ಲ ವ್ಯಾಪಿಸಿತು; ಅದಕ್ಕಾಗಿ ನಾಚಿಕೆಯೂ ಆಯಿತು. ಕಣ್ಣೆತ್ತಿದಾಗ ಹಕ್ಕಿ ನಾಲ್ಕು ಮಾರು ದೂರದಲ್ಲಿ ಸ್ತಬ್ಧವಾಗಿ ನಿಂತಿತ್ತು. ಅವನ ಮುಖ ನೋಡಿತು. ಅಲ್ಲಿ ಅದಕ್ಕೆ ಗುರುತಿನದು ಏನೂ ಇರಲಿಲ್ಲ. ರೆಕ್ಕೆ ಅರ್ಧ ಬಿಚ್ಚಿ, ಬೆದರಿದ ದನ ಹೊಂಡ ಬಳಸುವಂತೆ ಅವನನ್ನು ದೂರದಿಂದ ಬಳಸಿಕೊಂಡು, ಬೇಲಿಗೆ ಮೈ ತಾಗಿಸುತ್ತ ಎಡಕ್ಕೆ ಓಡಿತು. ಪರದೆ ಬಾಗಿಲಿಗೆ ಹೋಗಿ ನಿಂತು, ಅವನಿಗೆ ಬೆನ್ನು ಮಾಡಿ, ಪರದೆಯ ಬಟ್ಟೆಯನ್ನು ಕೊಕ್ಕಿನಿಂದ ಮೆಲ್ಲಗೆ ಎಳೆಯತೊಡಗಿತು. ಎಳೆಯುವುದು, ಕಾಯುವುದು. ಎಳೆಯುವುದು, ಕಾಯುವುದು.

ಅವನು ಮರದ ಗೇಟಿನಿಂದ ಹೊರಬಂದು ತಟ್ಟಿಯ ಹಿಂದೆ ಸೇರಿದಾಗ ಮೂವರೂ ಕಿಂಡಿಗೆ ಕಣ್ಣಿಟ್ಟೇ ಇದ್ದರು, ಬಹುಶಃ ಅವನ ಮುಖ ನೋಡಬೇಕಾಗಿ ಬರುತ್ತದೆಂದು. "ಆ ದನಿ ಇವರದು ಅಂತ ಅದಕ್ಕೆ ಗೊತ್ತೇ ಇಲ್ಲ" ಎಂದರು ಪಶುವೈದ್ಯರು. "ಆ ಬಿಳಿಯದು ಕೂಗೋ ಕೂಗು ಅಂದ್ಕೊಂಡಿದೆ. ಸಾರಸಗಳು ಹೀಗೇ ಕೂಗ್ತವೆ ಅಂತ." ಆಮೇಲೆ ಗಂಟಲು ಸರಿಮಾಡಿಕೊಂಡು, "ಆದ್ರೂ ನನ್ನ ಕೇಳಿದ್ರೆ, ಯಾಕೆ ಬೇಕು. ಗೇಟಿಗೆ ಹಾಕಿಬಿಡಿ. ಕ್ಷೇಮವಾಗಿ ಇರತ್ತೆ."

ಹಕ್ಕಿ ಪರದೆ ಎಳೆಯುತ್ತಲೇ ಇತ್ತು. "ಮನುಷ್ಯರನ್ನ ಕಂಡ್ರೆ ಹೆದರತ್ತೆ. ದನಿ ಕಡೆ ಬಂದ್ರೂ ಮುಖ ಕಂಡ ಕೂಡ್ಲೆ ಓಡತ್ತೆ" ಎಂದರು ಮೇಡಂ. "ಒಂದು ದನಿ ನೆನಪಲ್ಲಿದೆ ಅಂತ ಆಯುಷ್ಯಪೂರ್ತಿ ಅದನ್ನ ಪಂಜರದಲ್ಲಿ ನಿಲ್ಲಿಸಲಾ ಡಾಕ್ಟ್ರೇ? ಹಾಗೆ ನೋಡಿದ್ರೆ ನಮ್ಮಲ್ಲಿ ಎಷ್ಟು ಜನ ಹೊರಗಿರೋಕಾಗತ್ತೆ?" ಅವನ ಕಡೆ ತಿರುಗಿದರು. "ನೀವು ಮಾತ್ರ ನಾಳೆಯಿಂದ ಜೌಗಿನ ಕಡೆ ಬರೋ ಹಾಗಿಲ್ಲ. ಗುಡ್ಡದಾಚೆ ದೋಣಿ ಕಟ್ಟೆಗೆ ಹೋಗಿ. ಅಲ್ಲಿ ಮೈಕು ಕೊಡ್ತಾರೆ. ಲೈಫ್ ಜಾಕೆಟ್ ಹಾಕ್ಕೊಳ್ಳಿ, ದೋಣೀಲಿ ಎದ್ದು ನಿಲ್ಲಬೇಡಿ, ಇಷ್ಟು ದಿನಪೂರ್ತಿ ಹೇಳ್ತಾ ಇರಬೇಕು." ತಮಾಷೆಯೋ ಶಿಕ್ಷೆಯೋ ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. "ಈಗ ಒಂದು ಕೆಲಸ. ಅದು ನಿಮ್ಮನ್ನೇ ಕಾಯ್ತಾ ಇದೆ. ಬಲೆ ತೆಗೆದ್ರೂ ಪರದೆ ಬಿಟ್ಟು ಕದಲಲ್ಲ. ನೀವೇ ನೀರಿಗೆ ಕರ್ಕೊಂಡು ಹೋಗಿ ಬಿಟ್ಟು ಬನ್ನಿ. ಒಂದೇ ಒಂದು ಮಾತು ಆಡಬೇಡಿ. ಆಡಿದ್ರೆ ಅದು ನಿಮ್ಮ ಹಿಂದೇನೇ ವಾಪಸು ಬರತ್ತೆ, ಆಮೇಲೆ ನಾನು ಏನೂ ಮಾಡೋಕಾಗಲ್ಲ."

ಗುಡಿಸಲಿನಲ್ಲಿ ಡ್ರೈವರ್ ನಿಲುವಂಗಿಯನ್ನು ಮೊಳೆಯಿಂದ ಇಳಿಸಿ ಬಿಡಿಸಿ ಹಿಡಿದುಕೊಂಡ. "ಕೈ ಕೊಡಿ" ಎಂದ. ಹಳದಿಗಟ್ಟಿದ ಒಳಮೈ ಅವನಿಗೆ ಕಾಣುತ್ತಿತ್ತು, ಅದರ ಬಗ್ಗೆ ಏನೂ ಅನ್ನಲಿಲ್ಲ. "ಇನ್ನೊಂದು ಕೈ." ಕತ್ತಿನ ಹತ್ತಿರ ದಾರ ಕಟ್ಟುವಾಗ, ಗುಡ್ಡದಾಚೆ ಕೇಳುವ ಆ ಗಂಟಲಿನಿಂದ ಇಷ್ಟು ಸಣ್ಣ ದನಿ ಬರಬಹುದೆಂದು ಅವನು ಊಹಿಸಿರಲಿಲ್ಲ. "ನಮ್ಮನೆಯವಳೂ ನಲ್ಲಿ ಬಿಟ್ಕೊಂಡೇ ಅಳೋದು" ಎಂದು ಡ್ರೈವರ್ ಹೇಳಿ ಮುಸುಕನ್ನು ಎಳೆದು ಮುಚ್ಚಿದ.

ಪರದೆ ಸರಿಸಿದಾಗ ಹಕ್ಕಿ ಹಾರಿ ಹಿಂದೆ ಸರಿದು, ಮರುಕ್ಷಣವೇ ಮುಂದೆ ಬಂತು. ಮರದ ಕೊಕ್ಕಿಗೆ ಕೊಕ್ಕು ತಾಗಿಸಿತು. ಬಲೆಯ ಆಚೆ ಬದಿಯನ್ನು ಆಗಲೇ ಇಳಿಸಿದ್ದರು. ಅಲ್ಲಿಂದ ಜೌಗು ನೇರವಾಗಿ ಒಳಗೆ ಬಂದಂತಿತ್ತು. ಅವನು ನಡೆದ, ಹಕ್ಕಿ ಪಕ್ಕದಲ್ಲಿ ನಡೆಯಿತು. ಕೆಸರು ಪಾದ ಹಿಡಿದು ಬಿಡುತ್ತಿತ್ತು. ಜೊಂಡು ದಾಟಿ ತೆರೆದ ನೀರು ಕಂಡಾಗ ದೂರದಲ್ಲಿ ಕಾಡುಸಾರಸಗಳು, ಬೂದು ಕಂಬಗಳ ಹಾಗೆ, ತಲೆ ಕೆಳಗೆ ಹಾಕಿ ಮೇಯುತ್ತಿದ್ದವು. ಅವನು ನಿಂತ. ಹಕ್ಕಿಯೂ ನಿಂತಿತು. ಅದು ಅವುಗಳನ್ನು ನೋಡಲಿಲ್ಲ. ಮರದ ಕೊಕ್ಕನ್ನು ನೋಡಿತು, ನಿಲುವಂಗಿಯ ಅಂಚನ್ನು ಕಚ್ಚಿ ಎಳೆಯಿತು. ಪರದೆಯನ್ನು ಎಳೆದಂತೆಯೇ. ಎಳೆದು, ಕಾದು. ಇಷ್ಟು ಹೊತ್ತಿಗೆ ಶುರುವಾಗಬೇಕಿತ್ತಲ್ಲ. ಅವನ ನಾಲಿಗೆ ಒಳಗೊಳಗೇ 'ನೋಡು' ಎನ್ನುವ ಆಕಾರಕ್ಕೆ ಬಂದು ನಿಂತಿತ್ತು. ಹೇಳುವುದಕ್ಕೆ ಎಂದೂ ಇಲ್ಲದಷ್ಟು ಇತ್ತು: ಡ್ರೈವರ್ ಹೇಳಿದ್ದು, ಮೇಡಂ ಬೈಯದೇ ಇದ್ದದ್ದು, ತಾನು 'ಇಲ್ಲ' ಎಂದದ್ದು. ಹಲ್ಲು ಕಚ್ಚಿ ಹಿಡಿದ. ಮುಸುಕಿನೊಳಗೆ ಉಸಿರು ದೊಡ್ಡದಾಗಿ ಕೇಳಿಸುತ್ತಿತ್ತು. ಅದನ್ನೂ ಸಣ್ಣದು ಮಾಡಿದ.

ಹಕ್ಕಿ ಇನ್ನೊಮ್ಮೆ ಎಳೆಯಿತು. ತಲೆ ಓರೆ ಮಾಡಿ ಕೇಳಿಸಿಕೊಂಡಿತು. ಆಮೇಲೆ, ಸಿಟ್ಟಿಲ್ಲದೆ, ಬೇರೇನೋ ನೆನಪಾದ ಹಾಗೆ, ಕೊಕ್ಕನ್ನು ನೀರಿಗಿಳಿಸಿ ಒಂದು ಗೆಡ್ಡೆ ಕಿತ್ತಿತು. ಅದನ್ನು ತಿಂದು ಮುಂದಿನದಕ್ಕೆ ಹೋಯಿತು, ಅಲ್ಲಿಂದ ಇನ್ನೊಂದಕ್ಕೆ. ದೂರದಲ್ಲಿ ಒಂದು ಸಾರಸ ಕೂಗಿತು. ಹಕ್ಕಿ ಕತ್ತೆತ್ತಿತು. ಆ ಕೂಗಿನಲ್ಲಿ ಏನೋ ಕೊರತೆಯಿದೆ ಎಂಬಂತೆ ಕೇಳಿತು. ಆದರೂ ಆ ಕಡೆಗೆ ಹೆಜ್ಜೆ ಹಾಕಿತು, ಮೇಯುತ್ತ, ನಿಲ್ಲುತ್ತ. ಅದರ ಬೂದು ಉಳಿದ ಬೂದುಗಳ ನಡುವೆ ಯಾವುದೆಂದು ಹೇಳಲಾಗದಷ್ಟು ಆದ ಮೇಲೂ ಅವನು ಬಹಳ ಹೊತ್ತು ಕದಲದೆ ನಿಂತಿದ್ದ.

ಗುಡಿಸಲಿಗೆ ಹಿಂತಿರುಗಿ ಮುಸುಕು ತೆಗೆದಾಗ ಬೆವರು ಕಣ್ಣಿಗಿಳಿಯಿತು. ಮೂವರೂ ಎದ್ದು ನಿಂತಿದ್ದರು. "ಹೋಯ್ತಾ?" ಎಂದು ಮೇಡಂ ಕೇಳಿದರು. ಹೋಯಿತು ಎನ್ನಬೇಕೆಂದು ಅವನು ಬಾಯಿ ತೆರೆದ. ಕೊಕ್ಕಿನ ಚೀಲವನ್ನು ಇನ್ನೂ ಕಳಚದಿದ್ದ ಬಲಗೈ ತಾನಾಗಿ ಮೇಲೆ ಬಂತು. ಸಾರಸದ ತಲೆ ಅವರೆಲ್ಲರ ಮುಖದೆತ್ತರಕ್ಕೆ ಎದ್ದು, ಕ್ಷಣ ಹೊತ್ತು ನಿಂತು, ಹೌದು ಎಂದು ಕೊಕ್ಕು ಬಾಗಿಸಿತು.